ತಾತ ಉಣ್ಣುವವರೆಗೆ ಮುಚ್ಚಿದ ಚಿತ್ರಶಾಲೆ

ಹುಣಸೂರಿನ ಬಸ್ ನಿಲ್ದಾಣದ ಹಿಂದೆ ಒಂದು ಹಳೆಯ ತಂಬಾಕು ಗೋದಾಮಿದೆ. ನಮ್ಮ ಚಿತ್ರಶಾಲೆ ಇರುವುದು ಅಲ್ಲೇ. ಬೋರ್ಡಿನಲ್ಲಿ ‘ಕಲಾ ಸಂಗ್ರಹಾಲಯ’ ಎಂದಿದ್ದರೂ ಊರಿನವರ ಬಾಯಲ್ಲಿ ಅದು ‘ಪೋಟೋ ಮನೆ’. ನಾನು ಅದರ ಮೇಲ್ವಿಚಾರಕ, ಕಸ ಗುಡಿಸುವವನು, ಬಹುಪಾಲು ದಿನ ಅದರ ಒಬ್ಬನೇ ಪ್ರೇಕ್ಷಕ. ಮಡಿಕೇರಿ ಬಸ್ಸು ತಡವಾದರೆ ನಾಲ್ಕು ಜನ ಬಂದು ಫ್ಯಾನಿನ ಕೆಳಗೆ ಕೂರುತ್ತಾರೆ. ಚಿತ್ರಗಳಿಗೆ ಬೆನ್ನು ಹಾಕಿಯೇ ಕೂರುತ್ತಾರಲ್ಲ, ಅದು ನನಗೆ ಉರಿ.

ಏಕೆಂದರೆ ಅವು ನನ್ನ ಅಪ್ಪ ಬರೆದ ಚಿತ್ರಗಳು. ಅಪ್ಪ ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ಯಾರ ಮನೆಯಲ್ಲಾದರೂ ಹಿರಿಯರು ಫೋಟೋ ತೆಗೆಸಿಕೊಳ್ಳದೆ ತೀರಿಕೊಂಡರೆ ಅವನಿಗೆ ಕರೆ ಬರುತ್ತಿತ್ತು. ತಮ್ಮನ ಮೂಗು, ಮಗಳ ಹಣೆ, ನೆರೆಹೊರೆಯವರ ಮಾತು ಎಲ್ಲ ಸೇರಿಸಿ ಸತ್ತವರನ್ನು ಎಬ್ಬಿಸಿ ಕೂರಿಸುತ್ತಿದ್ದ. ಮುಖ ಹೇಗೋ ಹೊಂದುತ್ತಿತ್ತು. ಉಡುಪಿನಲ್ಲಿ ಮಾತ್ರ ಅವನಿಗೆ ಒಲಿದದ್ದು ಒಂದೇ ಒಂದು ಕೋಟು. ಹೀಗಾಗಿ ಪಿರಿಯಾಪಟ್ಟಣದ ಬೇಸಾಯಗಾರ, ಸಾಲಿಗ್ರಾಮದ ವ್ಯಾಪಾರಿ, ಕಾಕನಕೋಟೆ ಕಡೆಯ ಹಾಡಿಯಲ್ಲಿ ಜೇನು ಕೀಳುತ್ತಿದ್ದ ಅಜ್ಜ ಎಲ್ಲರೂ ಅದೇ ಕರಿ ಕೋಟು ತೊಟ್ಟು, ಒಂದೇ ಮದುವೆಗೆ ಹೊರಟವರಂತೆ ಕೂತಿದ್ದಾರೆ.

ಚಿತ್ರಗಳನ್ನು ಮನೆಮನೆಗೆ ಹೋಗಿ ಬೇಡಿ ತಂದವನು ನಾನು. ಟಿವಿಗೆ ಗೋಡೆ ಬೇಕಾಗಿದ್ದವರು ಸಂತೋಷದಿಂದ ಕೊಟ್ಟರು. ಪಿರಿಯಾಪಟ್ಟಣದ ಹತ್ತಿರದ ಹಳ್ಳಿಯ ಒಬ್ಬ ಅಜ್ಜಿ ಮಾತ್ರ ಗಂಡನ ಚಿತ್ರ ಕೊಡುವಾಗ ಚೌಕಟ್ಟಿನ ಒಂದು ತುದಿ ಬಿಡಲೇ ಇಲ್ಲ.

“ತಕ್ಕಂಡೋಗಪ್ಪ. ಆದ್ರೆ ಮಾಲಯ ಅಮಾಸೆಗೆ ನಾವು ಅಲ್ಲಿಗೇ ಬತ್ತೀವಿ.”

“ಬನ್ನಿ ಅಜ್ಜಿ, ಧಾರಾಳವಾಗಿ ಬನ್ನಿ” ಅಂದೆ. ಚಿತ್ರ ನೋಡಲು ಬರುತ್ತಾರೆ ಎಂದುಕೊಂಡೆ. ಈ ಸೀಮೆಯಲ್ಲೇ ಹುಟ್ಟಿ ಬೆಳೆದ ನನ್ನ ತಲೆಗೆ ಏನನ್ನಬೇಕೋ!

ಈ ವರ್ಷ ಗೋದಾಮಿನಲ್ಲಿ ಅಂಗಡಿ ಮಳಿಗೆ ಮಾಡುವ ಮಾತೆದ್ದಿತು. ಜನವೇ ಬಾರದ ಚಿತ್ರಶಾಲೆ ಯಾಕೆ, ಮುಚ್ಚಿ ಎಂದರು ಗೋದಾಮು ಕೊಟ್ಟ ಇಲಾಖೆಯವರು. ಮುಚ್ಚಿದರೆ ಅಪ್ಪನ ಚಿತ್ರಗಳೆಲ್ಲ ಗೆದ್ದಲಿನ ಪಾಲು. ನನಗೆ ಅನ್ನ ಸೇರುತ್ತಿರಲಿಲ್ಲ. ಕಣ್ಣಾರೆ ನೋಡಿ ತೀರ್ಮಾನಿಸಲು ಮೈಸೂರಿನಿಂದ ಒಬ್ಬ ಅಧಿಕಾರಿ ಬರುವುದೆಂದಾಯಿತು. ಜನ ಬಂದರೆ ರಜೆಯ ದಿನವೇ ಬರಬೇಕು ಎಂದು ಅವರು ಆರಿಸಿಕೊಂಡದ್ದು ಮಹಾಲಯ ಅಮಾವಾಸ್ಯೆ.

ಅಂದು ಅವರ ಜೀಪಿಗಿಂತ ಮೊದಲು ಒಂದು ಲಗೇಜ್ ಆಟೋ ಬಂದು ನಿಂತಿತು. ಅಜ್ಜಿ, ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಇಳಿದರು. ಜೊತೆಗೆ ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ, ಬೀಡಿ ಕಟ್ಟು, ಪೇಪರಿನಲ್ಲಿ ಸುತ್ತಿದ ಒಂದು ಬಾಟಲಿ ಕೂಡ ಇಳಿದವು. ಸೊಸೆಯೊಬ್ಬಳು ತಾತನಿಗೆ ತಂದ ಹೊಸ ಪಂಚೆಯನ್ನು ‘ಊಟ ತಿಂಡಿ ನಿಷೇಧಿಸಲಾಗಿದೆ’ ಎಂಬ ಫಲಕದ ಮೇಲೆ ಹರವಿದಳು.

“ಅಜ್ಜಿ, ಇಲ್ಲಿ ಏನೂ ತಿನ್ನುವ ಹಾಗಿಲ್ಲ.”

“ನಾವೆಲ್ಲಿ ತಿಂತೀವಿ? ಅವ್ರಿಗೆ ಕಣಪ್ಪ.”

ತಾತನ ಚಿತ್ರದ ಮುಂದೆ ಎಲೆ ಹಾಸಿ ಎಡೆಯಿಟ್ಟರು. ಆಮೇಲೆ ಅಜ್ಜಿ ನಮ್ಮೆಲ್ಲರನ್ನೂ ಹೊರಗಟ್ಟಿ, ಕೊನೆಗೆ ತಾನೂ ಬಂದು ಬಾಗಿಲು ಮುಚ್ಚಿದಳು. ಹಿರಿಯರು ಉಣ್ಣುವಾಗ ಯಾರೂ ನೋಡಬಾರದು, ಅದು ನಮ್ಮ ಕಡೆಯ ಪದ್ಧತಿ. ಸರಿಯಾಗಿ ಆಗ ಅಧಿಕಾರಿ ಬಂದರು.

“ಯಾಕ್ರೀ ಮುಚ್ಚಿದೀರಿ? ನಾನು ಒಳಗೆ ಹೋಗಬೇಕು.”

ಅಜ್ಜಿಯ ಹಿರಿಮಗ ವಿನಯವಾಗಿ ಕೈಕಟ್ಟಿದ. “ಒಸಿ ತಡೀರಿ ಸಾ, ತಾತ ಉಣ್ತಾವ್ರೆ.”

“ಎಷ್ಟು ಹೊತ್ತಾಗುತ್ತೆ?”

“ಬದುಕಿದ್ದಾಗ್ಲೇ ಊಟ ಬಲು ನಿದಾನ ಸಾ.”

ಚಿತ್ರಶಾಲೆ ಮುಚ್ಚಿಸಲು ಬಂದವರು ಅದರ ಬಾಗಿಲು ತೆಗೆಯುವುದನ್ನೇ ಕಾಯುತ್ತ ಬಿಸಿಲಿನಲ್ಲಿ ನಿಂತರು. ನನಗಂತೂ ಕೆಲಸ ಕೆಟ್ಟಿತು ಎಂದು ಖಾತ್ರಿಯಾಯಿತು.

ಅಜ್ಜಿ ಒಳಗಿನ ತಾತನಿಗೆ ಕೇಳುವಂತೆ ಮೂರು ಸಲ ಕೆಮ್ಮಿ ಬಾಗಿಲು ತೆಗೆದಳು. ಒಳಗೆ ನೋಡಿದರೆ ಪ್ರತಿ ಚಿತ್ರದ ಕೆಳಗೂ ಒಂದೊಂದು ವಡೆ!

“ಇನ್ನೇನ್ ಮಾಡ್ಲಿ? ಇಷ್ಟ್ ಜನ ಸುತ್ತ ಕುಂತ್ ನೋಡ್ತಿರ್ವಾಗ ನಮ್ಮೋರೊಬ್ರಿಗೇ ಇಕ್ಕಕಾಯ್ತದಾ?”

ಅಧಿಕಾರಿ ಒಂದೊಂದೇ ಚಿತ್ರ ನೋಡುತ್ತ ಹೋಗಿ ಮೂಲೆಯ ಖಾಲಿ ಗೋಡೆಯ ಮುಂದೆ ನಿಂತರು. ಅಲ್ಲಿ ಕೆಳಗೆ ಒಂದು ಪೂರ್ತಿ ಎಲೆ ಬಡಿಸಿತ್ತು. “ಇಲ್ಲಿ ಚಿತ್ರವೇ ಇಲ್ಲವಲ್ಲಮ್ಮ?”

“ಅದು ಇವನ್ನೆಲ್ಲ ಬರ್ದೋರ್ಗೆ ಕಣ್ರೀ. ಅವ್ರ್ ಮೊಕ ಯಾರೂ ಬರೀಲಿಲ್ವಲ್ಲ. ನಮ್ಮನೇಲಿ ಕುಂತ್ ಬರೀವಾಗ ದಿನಾ ಉಳ್ಳಿಕಾಳು ಬಸ್ಸಾರೇ ಕೇಳೋರು. ಅದ್ಕೇ ಮಾಡ್ಕಂಡ್ ಬಂದೆ.”

ನಿಜ. ಊರಿನವರಿಗೆಲ್ಲ ಮುಖ ಕೊಟ್ಟ ಅಪ್ಪನದೊಂದು ಫೋಟೋ ನಮ್ಮಲ್ಲಿಲ್ಲ. ಮನೆಯಲ್ಲಿ ನಾವು ಅವನ ಕುಂಚದ ಡಬ್ಬಕ್ಕೆ ಎಡೆಯಿಡುತ್ತೇವೆ. ಅದೂ ಹುರುಳಿಕಾಳಿನ ಬಸ್ಸಾರು ಬಿಟ್ಟು, ಯಾಕೆಂದರೆ ಅಮ್ಮ ಹುರುಳಿಕಾಳು ಬಸಿದ ದಿನ ಅಪ್ಪ ತಟ್ಟೆ ನೂಕಿ ಏಳುತ್ತಿದ್ದ. ನನಗೆ ನಗುವೂ ಬಂತು, ಅಳುವೂ ಬಂತು. ಅಳುವೇ ಗೆದ್ದಿತು.

ಅಧಿಕಾರಿ ಅಜ್ಜಿಯ ಕಡೆ ತಿರುಗಿದರು. “ಇದನ್ನ ಮುಚ್ಚಿದರೆ ಮುಂದಿನ ವರ್ಷ ನೀವೆಲ್ಲಿ ಎಡೆ ಇಡ್ತೀರಿ?”

“ಇಲ್ಲೇ. ಅಂಗಡಿಯೋರು ಒಸಿ ಒತ್ತು ಆಚೆ ನಿಂತ್ಕಳ್ಳಿ.”

ಅಧಿಕಾರಿ ನಕ್ಕುಬಿಟ್ಟರು. “ಆಯ್ತು, ಮುಚ್ಚೋದು ಬೇಡ ಅಂತ ಹೇಳ್ತೀನಿ. ಆ ಬಾಟಲಿ ಮಾತ್ರ ಇಲ್ಲಿಗೆ ತರಬೇಡಿ” ಎಂದು ಅಜ್ಜಿ ಕೊಟ್ಟ ವಡೆ ತಿಂದು ಜೀಪು ಹತ್ತಿದರು.

ಎಲ್ಲರೂ ಹೋದ ಮೇಲೆ ಖಾಲಿ ಗೋಡೆಯ ಕೆಳಗೆ ಕೂತು ಅಪ್ಪನ ಎಲೆಯ ಬಸ್ಸಾರು ಉಂಡೆ. ಅಪ್ಪನದು ತಪ್ಪಿಲ್ಲ, ಅಮ್ಮನದಕ್ಕಿಂತ ಎಷ್ಟೋ ರುಚಿಯಾಗಿತ್ತು. ಮನೆಗೆ ಹೋಗಿ ಅಮ್ಮನಿಗೆ ಎಲ್ಲ ಹೇಳಿದೆ, ಇದೊಂದು ಬಿಟ್ಟು.