ನಾಚಾರಂನಿಂದ ಮಾಧಾಪುರಕ್ಕೆ, ಶರಣುವಿನ ಬೆನ್ನ ಹಿಂದೆ

ರಾಯಚೂರಿನಿಂದ ಹೈದರಾಬಾದಿಗೆ ಹೊರಡುವ ಮುಂಜಾನೆಯ ಬಸ್ಸಿನಲ್ಲಿ ಕಿಟಕಿಯ ಸೀಟೇ ಸಿಕ್ಕಿತು. ನಾನು ಪಾಠ ಮಾಡುವ ಐ.ಟಿ.ಐ.ಗೆ ದಸರೆ ರಜೆ ಬಿಟ್ಟಿತ್ತು. ಶಕ್ತಿನಗರ ದಾಟಿ ಸೇತುವೆಯ ಮೇಲೆ ಬಂದಾಗ ಕೃಷ್ಣೆ ದಂಡೆ ತುಂಬಿ ಕೆಂಪಗೆ ಹರಿಯುತ್ತಿದ್ದಳು. ಮಖ್ತಲ್‌ನಲ್ಲಿ ಇಡ್ಲಿ ತಿಂದೆ. ಮಹಬೂಬನಗರದಲ್ಲಿ ಚಹಾ ಕುಡಿದೆ. ಸುಮಾರು ಇನ್ನೂರು ಕಿಲೋಮೀಟರಿನ ದಾರಿ. ರಸ್ತೆ ಅಗಲ ಮಾಡುತ್ತಿದ್ದರಿಂದ ಶಾದನಗರದ ಆಚೆ ಬಸ್ಸು ಆಮೆಯಂತೆ ತೆವಳಿತು. ಹೊಟ್ಟೆ ಚುರುಗುಡುವ ಹೊತ್ತಿಗೆ ಮೂಸಿ ನದಿಯ ಪಕ್ಕದ ದೊಡ್ಡ ಬಸ್ ನಿಲ್ದಾಣದಲ್ಲಿ ಇಳಿದೆ.

ಈ ಸಲ ನಾನು ಚಾರ್ಮಿನಾರ್ ನೋಡಲು ಹೋದವನಲ್ಲ. ಹಿಂದಿನ ವಾರ ನನ್ನ ಗೆಳೆಯ ಶರಣಬಸಪ್ಪನ ಹೆಂಡತಿ ಕಸ್ತೂರಿ ಫೋನು ಮಾಡಿದ್ದಳು. "ಅಣ್ಣಾರ, ಇವ್ರು ಗಾಡಿ ಹೊಡಿಯೋದು ಬಿಟ್ಟು ಬಿಟ್ಟಾರ್ರೀ. ಡಾಕ್ಟರು ಯಾರರ ನಂಬಿಗಿ ಮಂದಿ ಹಿಂದ ಕುಂದರಬೇಕು ಅಂದಾರ. ಅವ್ರು ನಿಮ್ಮ ಹೆಸರ ಹೇಳಿದ್ರು" ಎಂದಳು. ಫೋನಿನಲ್ಲಿ ನನಗೆ ಪೂರ್ತಿ ತಿಳಿಯಲಿಲ್ಲ. ಆದರೆ ಶರಣು ನನ್ನ ಹೆಸರು ಹೇಳಿದ್ದ, ಅಷ್ಟು ಸಾಕಾಗಿತ್ತು. ಡಿಪ್ಲೊಮಾ ಓದುವಾಗ ನನಗೆ ಕಾಮಾಲೆ ಆಗಿ ಹಾಸಿಗೆ ಹಿಡಿದಾಗ, ಹಾಸ್ಟೆಲಿನ ರೂಮಿನಲ್ಲಿ ಗಂಜಿ ಕಾಸಿ ಕುಡಿಸಿದವನು ಅವನು.

ಕೋಠಿಯಲ್ಲಿ ಸಿಟಿ ಬಸ್ಸು ಹಿಡಿದು ನಾಚಾರಂ ಮುಟ್ಟಿದೆ. ಕಾರ್ಖಾನೆಗಳ ಸಾಲಿನ ಹಿಂದೆ, ಒಂದು ಮನೆಯ ಮೊದಲ ಮಹಡಿಯಲ್ಲಿ ಎರಡು ಕೋಣೆಯಲ್ಲಿ ಅವರಿದ್ದರು. ಶರಣು ಮೆಟ್ಟಿಲ ಮೇಲೆಯೇ ಕಾಯುತ್ತಿದ್ದ. ತೆಳ್ಳಗಾಗಿದ್ದ. ಕೆಳಗೆ ಅವನ ಸ್ಕೂಟರು ಧೂಳು ಹಿಡಿದು ನಿಂತಿತ್ತು.

ಅವನದು ನಾಚಾರಂನ ಸಣ್ಣ ಕಾರ್ಖಾನೆಯೊಂದರಲ್ಲಿ ಕೆಲಸ. ಮಾಧಾಪುರದ ಕಡೆ ಬಂಡೆ ಒಡೆದು ಸಾಫ್ಟ್‌ವೇರ್ ಕಂಪನಿಗಳು ಏಳುತ್ತಿದ್ದ ಕಾಲ. ಕರೆಂಟು ಹೋದರೂ ಅಲ್ಲಿನ ಕಂಪ್ಯೂಟರುಗಳು ಆರದಂತೆ ನೋಡಿಕೊಳ್ಳುವ ಯುಪಿಎಸ್ ಯಂತ್ರಗಳನ್ನು ಇವನ ಕಾರ್ಖಾನೆ ಹಾಕಿಕೊಟ್ಟಿತ್ತು. ಅವು ಕೆಟ್ಟರೆ ಇವನು ಉಪಕರಣದ ಚೀಲ ಹೊತ್ತು ಓಡಬೇಕು. ಬಸ್ಸು ಬದಲಿಸುತ್ತ ಹೋದರೆ ಕೆಲಸ ಕೆಡುತ್ತದೆ. ಮಾಲೀಕ ಒಳ್ಳೆಯವನೇ. ಆದರೂ, ಈ ತಿಂಗಳು ನೋಡುತ್ತೇನೆ, ಗಾಡಿ ಹೊಡೆಯಲು ಆಗದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇನೆ ಎಂದಿದ್ದ.

ಜೋಳದ ರೊಟ್ಟಿ, ಪುಂಡಿಪಲ್ಯ ಉಂಡ ಮೇಲೆ ಶರಣು ತಾನೇ ಬಾಯಿ ಬಿಟ್ಟ.

"ಗಾಡಿ ಒಂದೀಟು ಜಿಗಿದ್ರ ಸಾಕಲೇ ಮಲ್ಲು, ಯಾರಿಗೋ ಗುದ್ದಿದೆ ಅನಸ್ತೈತಿ. ಹೊಳ್ಳಿ ಹೋಗಿ ನೋಡ್ತೀನಿ. ಯಾರೂ ಇರಂಗಿಲ್ಲ. ಮುಂದ ಬರ್ತೀನಿ. ಬಿದ್ದವ್ರನ್ನ ಯಾರರ ಎತ್ತಿಕೊಂಡು ಹೋಗಿದ್ರ ಅಂತ ಮತ್ತ ಅನಸ್ತೈತಿ. ಮತ್ತ ಹೋಗ್ತೀನಿ."

ಕಸ್ತೂರಿ ಉಳಿದದ್ದನ್ನು ಹೇಳಿದಳು. ಮನೆಗೆ ಬಂದರೆ ಬ್ಯಾಟರಿ ಹಿಡಿದು ಚಕ್ರಕ್ಕೆ ರಕ್ತ ಹತ್ತಿದೆಯೇ ಎಂದು ನೋಡುತ್ತಿದ್ದನಂತೆ. ಅವನಿಗೆ ತೆಲುಗು ಓದಲು ಬಾರದು. ಕಸ್ತೂರಿ ಹುಟ್ಟಿ ಬೆಳೆದದ್ದು ಇಲ್ಲೇ. ದಿನಾ ಪತ್ರಿಕೆಯ ಅಪಘಾತದ ಸುದ್ದಿಗಳನ್ನು ಅವಳಿಂದ ಓದಿಸುತ್ತಿದ್ದ. "ನಿಮ್ಮ ಗಾಡಿದು ಅಲ್ರೀ ಅಂತ ಹೇಳಿ ಹೇಳಿ ನನ್ನ ಬಾಯಿ ಒಣಗತಿತ್ತು. ಹೇಳಿದಷ್ಟೂ ಕೇಳೋದು ಜಾಸ್ತಿ ಆತು" ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ, ದಣಿವು ಇತ್ತು. ಶರಣು ತಲೆ ತಗ್ಗಿಸಿ ತಟ್ಟೆಯ ಅಂಚು ಒರೆಸುತ್ತಿದ್ದ.

ಮಾರನೆಯ ದಿನ ಮೂವರೂ ಬಸ್ಸಿನಲ್ಲಿ ಬೇಗಂಪೇಟೆಗೆ ಹೋದೆವು. ಮನೋವೈದ್ಯರ ಕ್ಲಿನಿಕ್ಕು ಮುಖ್ಯರಸ್ತೆಯ ಒಂದು ಕಟ್ಟಡದಲ್ಲಿತ್ತು. ವಿಮಾನ ಇಳಿಯುವಾಗೆಲ್ಲ ಕಿಟಕಿಯ ಗಾಜು ನಡುಗುತ್ತಿತ್ತು, ಮಾತು ನಿಲ್ಲಿಸಿ ಕಾಯಬೇಕಾಗುತ್ತಿತ್ತು. ಡಾಕ್ಟರು ನಡುವಯಸ್ಸಿನ ತೆಲುಗು ಹೆಂಗಸು, ನನ್ನೊಡನೆ ಹಿಂದಿಯಲ್ಲಿ ಮಾತಾಡಿದರು. ಶರಣುವಿಗೆ ಆಗಲೇ ಮಾತ್ರೆ ಕೊಟ್ಟಿದ್ದರು. ಇದು ಹುಚ್ಚಲ್ಲ, ಹಟವೂ ಅಲ್ಲ, ವಾಸಿಯಾಗುವಂಥ ಕಾಯಿಲೆ ಎಂದರು.

"ನೀವು ಹಿಂದೆ ಕೂತುಕೊಳ್ಳಿ. ಅವರು ಏನಾಯಿತು ಎಂದು ಕೇಳುತ್ತಾರೆ. ನೀವು ಏನೂ ಆಗಿಲ್ಲ ಎಂದು ಹೇಳಬಾರದು."

ನಾನು ತಡವರಿಸಿದೆ. "ಆಗಿಲ್ಲದ್ದನ್ನು ಆಗಿಲ್ಲ ಅನ್ನೋದಕ್ಕೇನು ಮೇಡಂ? ಒದ್ದಾಡುವವನಿಗೆ ಅಷ್ಟೂ ಹೇಳದಿದ್ದರೆ ಗೆಳೆತನ ಯಾತಕ್ಕೆ?"

"ಹೇಳಿದರೆ ಸ್ವಲ್ಪ ಹೊತ್ತು ಹಗುರಾಗುತ್ತದೆ. ಆಮೇಲೆ ನಿಮ್ಮ ಮಾತಿನ ಮೇಲೂ ಅನುಮಾನ ಬರುತ್ತದೆ. ಆ ಭಯ ತಾನಾಗಿಯೇ ಏರಿ, ತಾನಾಗಿಯೇ ಇಳಿಯುವುದನ್ನು ಅವರು ನೋಡಬೇಕು. ನೀವು ಹತ್ತಿರ ಇರಿ. ಅಷ್ಟು ಮಾಡಿದರೆ ದೊಡ್ಡ ಉಪಕಾರ."

ಶರಣು ಒಪ್ಪಿದ. ನನ್ನ ಕಡೆ ತಿರುಗಿ, "ಆಮ್ಯಾಲ ನಾ ಕೈ ಮುಗದು ಕೇಳಿದ್ರೂ ಹೇಳಬ್ಯಾಡ" ಎಂದ. ನಾನು ಹೂಂ ಅಂದೆ. ಅದು ಎಷ್ಟು ಕಷ್ಟ ಎಂದು ನನಗಾಗ ಗೊತ್ತಿರಲಿಲ್ಲ.

ಸಂಜೆಯೇ ಸ್ಕೂಟರು ಒರೆಸಿ, ಹಬ್ಸಿಗೂಡದ ತನಕ ಹೋದೆವು. ಹೋದದ್ದು ನಡೆದು ಹೋಗುವಷ್ಟು ದೂರ. ಒಂದು ರಸ್ತೆಯುಬ್ಬಿನ ಮೇಲೆ ಗಾಡಿ ಎಗರಿತು. ಶರಣು ಬ್ರೇಕು ಹಾಕಿ, "ಏನಾತಲೇ?" ಎಂದ. ಅವನ ಕತ್ತಿನ ನರ ಬಿಗಿದಿದ್ದು ಹಿಂದಿನಿಂದ ಕಾಣುತ್ತಿತ್ತು. ನನ್ನ ಬಾಯಿಂದ "ಏನೂ ಆಗಿಲ್ಲ, ನಡಿ" ಎಂದು ಬಂದೇಬಿಟ್ಟಿತು. ಅವನು ಉಸಿರು ಬಿಟ್ಟ. ಮುಂದಿನ ತಿರುವು ಬರುವುದರೊಳಗೆ, "ನೀ ಸರಿಯಾಗಿ ನೋಡಿದಿ ಹೌದಲ್ಲೋ?" ಎಂದ. ಸ್ವಲ್ಪ ದೂರ ಹೋಗಿ, "ಎಡಗಡೆ ನೋಡಿದೇನು?" ಎಂದ. ಡಾಕ್ಟರು ಹೇಳಿದ್ದು ನನಗೆ ಕಣ್ಣಮುಂದೆಯೇ ಕಂಡಿತು. ನನ್ನ ಮಾತು ನೀರಿಗೆ ಬಿದ್ದ ಉಪ್ಪಿನಂತೆ ಕರಗಿಹೋಗುತ್ತಿತ್ತು.

ಮರುದಿನ ಬೆಳಿಗ್ಗೆ ಮಾಧಾಪುರದಿಂದ ಕರೆ ಬಂತು. ಒಂದು ಕಟ್ಟಡದ ಯುಪಿಎಸ್ ಕೈಕೊಟ್ಟಿತ್ತು. ಇನ್ನೂ ಎರಡು ದಿನ ಸಣ್ಣ ಸಣ್ಣ ಸವಾರಿ ಮಾಡುವ ವಿಚಾರವಿತ್ತು. ಶರಣು ಫೋನು ಇಟ್ಟು ಗಾಡಿಯ ಕೀಲಿ ತೆಗೆದುಕೊಂಡ. ಕಸ್ತೂರಿ ಡಬ್ಬಿ ಕಟ್ಟಿದಳು. ನಾನು ಉಪಕರಣದ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಂದೆ ಕೂತೆ.

ತಾರ್ನಾಕಾ ದಾಟಿದೆವು. ಸಿಕಂದರಾಬಾದಿನ ಗದ್ದಲದಲ್ಲಿ ಬಸ್ಸು, ಆಟೋಗಳ ನಡುವೆ ತೂರಿಕೊಂಡು ಹೋಗುವಾಗ ಅವನು ಚೆನ್ನಾಗಿಯೇ ನಡೆಸಿದ. ಅಷ್ಟು ಜಾಗರೂಕತೆಯಿಂದ ಗಾಡಿ ಹೊಡೆಯುವವನನ್ನು ನಾನು ನೋಡಿಲ್ಲ. ಬೇಗಂಪೇಟೆಯಲ್ಲಿ ವಿಮಾನವೊಂದು ತಲೆಯ ಮೇಲೆಯೇ ಬಂದಂತೆ ಇಳಿಯಿತು, ಇಬ್ಬರೂ ಬಗ್ಗಿದೆವು, ಶರಣು ನಕ್ಕ. ಇನ್ನೇನು ಮುಟ್ಟಿಬಿಟ್ಟೆವು ಎಂದುಕೊಂಡೆ.

ಪಂಜಾಗುಟ್ಟ ದಾಟಿ ಸ್ವಲ್ಪ ಮುಂದೆ ರಸ್ತೆ ಅಗೆದಿದ್ದರು. ಜನ ಗಾಡಿಗಳ ನಡುವೆಯೇ ಅಡ್ಡ ದಾಟುತ್ತಿದ್ದರು. ಹಿಂದಿನ ಚಕ್ರ ಗುಂಡಿಗೆ ಇಳಿದು ಧಡ್ ಎಂದಿತು. ಅದೇ ಹೊತ್ತಿಗೆ ಹಿಂದೆ ಯಾರೋ ಯಾರನ್ನೋ ಕೂಗಿದರು. ಶರಣು ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದ. ಇಳಿದು, ಬಂದ ದಾರಿಯ ಕಡೆ ನೋಡಿದ. ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು.

"ಹೊಳ್ಳಿ ಹೋಗೋಣು."

"ನಿನಗ ಭಾಳ ತ್ರಾಸ ಆಗಾಕತ್ತೈತಿ. ನಾ ಇಲ್ಲೇ ಅದೀನಿ. ಹೊಳ್ಳಿ ಹೋಗೋದು ಬ್ಯಾಡ."

"ನೀ ಹಿಂದ ಕುಂತಿದ್ದಿ. ಕಣ್ಣಿಲೆ ನೋಡೀದಿ. ಒಂದು ಮಾತು ಹೇಳಿದ್ರ ನಿನ್ನ ಗಂಟೇನು ಹೋಗ್ತೈತಿ?"

ನಾನು ಹೇಳಲಿಲ್ಲ. ಅವನು ನಿಜಕ್ಕೂ ಕೈ ಮುಗಿದ. ದಾರಿಹೋಕರು ತಿರುಗಿ ನೋಡಿದರು. "ಯಾರೋ ಸಾಯಾಕತ್ತಿದ್ರ? ಆ ಪಾಪ ನಿನಗ ಬ್ಯಾಡೇನು?" ಎಂದ. ಕೊನೆಗೆ, "ನೀ ರಾಯಚೂರಿಗೆ ಹೋಗು. ನಿನ್ನಂಥ ಗೆಳೆಯ ನನಗ ಬ್ಯಾಡ" ಎಂದು ಮುಖ ತಿರುಗಿಸಿ ರಸ್ತೆಬದಿಯ ಕಟ್ಟೆಯ ಮೇಲೆ ಕೂತ. ಒಂದು ಮಾತು ಹೇಳಿ ಅವನನ್ನು ಆ ಸಂಕಟದಿಂದ ಎತ್ತಿಬಿಡಬಹುದಿತ್ತು. ಹೇಳದೆ ನಾನೂ ಅವನ ಪಕ್ಕ ಕೂತೆ.

ಅವನು ಎದ್ದು ಸ್ಕೂಟರಿನ ಮುಖವನ್ನು ಬಂದ ದಾರಿಯ ಕಡೆ ತಿರುಗಿಸಿದ. ಚಾಲೂ ಮಾಡಿದ. ಎಷ್ಟೋ ಹೊತ್ತು ಹಾಗೆಯೇ ಹ್ಯಾಂಡಲ್ ಹಿಡಿದು ನಿಂತ. ಗಾಡಿಗಳು ನಮ್ಮನ್ನು ಬಳಸಿಕೊಂಡು ಹಾರನ್ನು ಹೊಡೆಯುತ್ತ ಹೋಗುತ್ತಿದ್ದವು. ನಿಧಾನಕ್ಕೆ ಅವನ ಉಸಿರು ತಹಬಂದಿಗೆ ಬಂದದ್ದು ಕಂಡಿತು. ಇಂಜಿನು ಆರಿಸಿದ, ಮುಖ ಒರೆಸಿಕೊಂಡ. ಆಮೇಲೆ ಗಾಡಿಯನ್ನು ಮತ್ತೆ ಮಾಧಾಪುರದ ಕಡೆಗೆ ತಿರುಗಿಸಿ, ನನ್ನನ್ನು ನೋಡದೆ, "ಕುಂದರು" ಎಂದ.

ಜುಬಿಲಿ ಹಿಲ್ಸಿನ ಏರು ಹತ್ತಿ ಇಳಿದರೆ ಬಂಡೆಗಳ ನಡುವೆ ಗಾಜಿನ ಕಟ್ಟಡಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗ ಹುಡುಗಿಯರು ಗುಂಪುಗುಂಪಾಗಿ ಒಳಗೆ ಹೋಗುತ್ತಿದ್ದರು. ಶರಣು ಚೀಲ ಇಸಿದುಕೊಂಡು ನೆಲಮಾಳಿಗೆಗೆ ಇಳಿದ. ನಾನು ಗೇಟಿನ ಆಚೆ ತಳ್ಳುಗಾಡಿಯ ಹತ್ತಿರ ಪೆಸರಟ್ಟು ತಿಂದೆ. ಪಕ್ಕದ ನಿವೇಶನದಲ್ಲಿ ಬಂಡೆ ಕೊರೆಯುವ ಸದ್ದು. ಅವನು ಇನ್ನು ನನ್ನೊಡನೆ ಮಾತಾಡದಿದ್ದರೂ ಚಿಂತೆಯಿಲ್ಲ, ಕೆಲಸ ಉಳಿಯಲಿ ಎಂದುಕೊಳ್ಳುತ್ತ ಕಾದೆ.

ಹೊರಗೆ ಬಂದಾಗ ಅವನ ಕೈ ಕಪ್ಪಾಗಿದ್ದವು, ಮುಖ ತಿಳಿಯಾಗಿತ್ತು. ಯಂತ್ರ ಸರಿಹೋಗಿತ್ತು. ಡಬ್ಬಿ ಬಿಚ್ಚಿ ನನ್ನ ಮುಂದೆ ಇಟ್ಟ.

"ಅಲ್ಲಿ ಏನಾತೋ ನನಗ ಇನ್ನೂ ಗೊತ್ತಿಲ್ಲಲೇ ಮಲ್ಲು" ಎಂದ. "ಗೊತ್ತಿಲ್ಲದ ಇದ್ರೂ ಕೆಲಸ ಮಾಡಿ ಬಂದೆ. ಹಿಂಗೂ ಆಗ್ತೈತಿ ಅಂತ ಗೊತ್ತಿರಲಿಲ್ಲ."

ಆಮೇಲೆ ರೊಟ್ಟಿ ಮುರಿಯುತ್ತ, "ಬಾಯಿಗೆ ಬಂದಂಗ ಅಂದೆ ನಿನಗ. ಮನಸಿಗೆ ಹಚಕೋಬ್ಯಾಡ" ಎಂದ. ನಾನು, "ಉಣ್ಣು ಮೊದಲ" ಎಂದೆ.

ಉಳಿದ ದಿನಗಳೆಲ್ಲ ಹೀಗೆ ಆಗಲಿಲ್ಲ. ಒಮ್ಮೆ ತಾರ್ನಾಕಾದಿಂದ ತಿರುಗಿ ಹೋಗಿ ನೋಡಿಯೇ ಬಂದ. ಇನ್ನೊಮ್ಮೆ ಕಸ್ತೂರಿಯ ಮುಂದೆ ಪತ್ರಿಕೆ ಹಿಡಿದ. ಅವಳು, "ಸಿನಿಮಾದ ಸುದ್ದಿ ಬೇಕಾದ್ರ ಓದ್ತೀನ್ರೀ, ಅದನ್ನ ಓದಂಗಿಲ್ಲ" ಎಂದಳು. ಅವನು ಗೊಣಗಿದ. ಅವಳು ಸಿನಿಮಾದ್ದೇ ಓದಿದಳು. ಡಾಕ್ಟರು ಇದನ್ನೆಲ್ಲ ಕೇಳಿ, ಬಿದ್ದು ಎದ್ದು ಹೋಗುವ ದಾರಿ ಇದು, ಮಾತ್ರೆ ಮುಂದುವರಿಸಿ ಎಂದರು. ನನಗೆ ಕೈ ಮುಗಿದರು. ನಾನೂ ಮುಗಿದೆ. ಕೂತು ಕೇಳುವವರೊಬ್ಬರು ಈ ಊರಲ್ಲಿ ಅವನಿಗೆ ಸಿಕ್ಕರಲ್ಲ ಎಂದು ಮನಸ್ಸು ತುಂಬಿತ್ತು.

ಹೊರಡುವ ದಿನ ಬಸ್ ನಿಲ್ದಾಣಕ್ಕೆ ಬಿಡಲು ಶರಣುವೇ ಬಂದ. ಕೋಠಿಯಲ್ಲಿ ನಿಂತು ನನ್ನ ಮಗಳಿಗೆ ಬಣ್ಣದ ಚಿತ್ರಗಳ ಪುಸ್ತಕ ಕೊಂಡು, ದುಡ್ಡು ಕೊಡಲು ಬಿಡಲಿಲ್ಲ. ನಿಲ್ದಾಣದಿಂದ ನಾಚಾರಂಗೆ ಅವನು ಒಬ್ಬನೇ ಹೋಗಬೇಕಿತ್ತು. ಮತ್ತೆ ಗಾಡಿ ಹಿಡಿದ ಮೇಲೆ ಅದೇ ಮೊದಲ ಸಲ. ಇಬ್ಬರಿಗೂ ಅದೇ ತಲೆಯಲ್ಲಿತ್ತು. ಬಸ್ಸು ಚಾಲೂ ಆದಾಗ ಕಿಟಕಿಯ ಹತ್ತಿರ ಬಂದ.

"ಇವತ್ತ ನಾ ನಿನಗ ಫೋನ್ ಮಾಡಂಗಿಲ್ಲ. ಮಾಡಿದ್ರ, ಏನೂ ಆಗಿಲ್ಲ ಅಂತ ನಿನ್ನ ಬಾಯಿಲೆ ಕೇಳಾಕನ ಮಾಡಿರ್ತೀನಿ. ನೀನೂ ಮಾಡಬ್ಯಾಡ."

"ಆತು" ಎಂದೆ.

ಅವನು ನನ್ನ ಕೈ ಹಿಡಿದು ಒಮ್ಮೆ ಒತ್ತಿ ಬಿಟ್ಟ. ಬಸ್ಸು ಹೊರಬಾಗಿಲು ದಾಟುವಾಗ ತಿರುಗಿ ನೋಡಿದೆ. ಅವನು ಸ್ಕೂಟರು ಒದೆಯುತ್ತಿದ್ದ. ಹತ್ತಿ ಹೊರಟದ್ದು ಕಾಣುವ ಮೊದಲೇ ಬೇರೊಂದು ಬಸ್ಸು ಅಡ್ಡ ಬಂತು.

ರಾಯಚೂರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮಗಳು ಪುಸ್ತಕ ಕಸಿದುಕೊಂಡು ಓಡಿದಳು. ಮುಖ ತೊಳೆದು ಫೋನಿನ ಪಕ್ಕದ ಕುರ್ಚಿಯಲ್ಲಿ ಕೂತೆ. ಹೆಂಡತಿ ಎರಡು ಸಲ ಬಂದು ನೋಡಿ ಹೋದಳು.

"ಶರಣಬಸಪ್ಪಾರು ಮನಿ ಮುಟ್ಟಿದ್ರೋ ಇಲ್ಲೋ, ಒಂದು ಫೋನ್ ಮಾಡಿ ಕೇಳ್ರಿ" ಎಂದಳು.

ಫೋನು ಸುಮ್ಮನಿತ್ತು. ಅದು ಸುಮ್ಮನಿದ್ದಷ್ಟೂ ನನಗೆ ನೆಮ್ಮದಿಯಾಗುತ್ತಿತ್ತು.

"ಬ್ಯಾಡ. ಊಟಕ್ಕ ಬಡಸು" ಎಂದು ಎದ್ದೆ.