ಮೂರು ಸೀಟಿಗೆ ಎರಡು ಟಿಕೆಟು

ಸಿದ್ಧಕಟ್ಟೆಯ ಪ್ರಫುಲ್ಲಾ ಒಮ್ಮೆಯೂ ವಿಮಾನ ಹತ್ತಿದವಳಲ್ಲ. ಆದರೆ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಬಳಿ ಅಬ್ದುಲ್ ರಹಿಮಾನರ ಟಿಕೆಟ್ ಆಫೀಸಿನಲ್ಲಿ ಒಂಬತ್ತು ವರ್ಷ ಕುಳಿತು ಸಾವಿರಾರು ಜನರನ್ನು ಗಲ್ಫಿಗೆ ಹತ್ತಿಸಿದ್ದಳು. ಮೊದಲೆಲ್ಲ ಮುಂಬಯಿಯಿಂದ ಬಂದ ದರದ ಪಟ್ಟಿಯನ್ನು ಗೋಡೆಗೆ ಅಂಟಿಸಿದರೆ ತಿಂಗಳುಗಟ್ಟಲೆ ನಡೆಯುತ್ತಿತ್ತು. ಅಗ್ಗದ ವಿಮಾನಗಳು ಮಂಗಳೂರಿನಿಂದಲೇ ಹಾರತೊಡಗಿದ ಮೇಲೆ ಅವಳ ನೆಮ್ಮದಿ ಹೋಯಿತು. ಬೆಳಿಗ್ಗೆ ಕಂಡ ದರ ಊಟ ಮುಗಿಸಿ ಬರುವಾಗ ಇರುತ್ತಿರಲಿಲ್ಲ. ಏರಿದರೆ, ಅವಳೇ ಏರಿಸಿದಳೇನೋ ಎಂಬಂತೆ ಜನ ಅವಳ ಮುಖ ನೋಡುತ್ತಿದ್ದರು.

2007ರ ಒಂದು ಬುಧವಾರ ತೋಡಾರಿನ ಝೈನಬ್ ಬಂದಳು. ಅವಳ ಗಂಡ ಇರ್ಷಾದನಿಗೆ ಶಾರ್ಜಾದಲ್ಲಿ ಬೆನ್ನಿನ ಆಪರೇಷನ್ ನಿಗದಿಯಾಗಿತ್ತು. ಅವಳು, ಅವಳು ಉಮ್ಮ ಎಂದು ಕರೆಯುತ್ತಿದ್ದ ಅತ್ತೆ ಪಾತುಮ್ಮ, ಆರು ವರ್ಷದ ಮಗಳು ಜಸ್ನಾ, ಮೂವರೂ ಹೊರಡಬೇಕು. ವೀಸಾದ ಗಡುವು ಆ ತಿಂಗಳ ಹದಿನೆಂಟಕ್ಕೆ ಮುಗಿಯುತ್ತಿತ್ತು. ಅಂದು ತಲೆಗೆ ಆರು ಸಾವಿರದ ನಾನೂರು ಇತ್ತು. ಎರಡು ದಿನ ಕಾದರೆ ಇಳಿಯಬಹುದು ಎಂದಳು ಪ್ರಫುಲ್ಲಾ. ಹಿಂದಿನ ವಾರ ಹಾಗೆಯೇ ಇಳಿದಿತ್ತು.

ಶುಕ್ರವಾರ ಝೈನಬ್ ಇಪ್ಪತ್ತೆರಡು ಸಾವಿರ ಹಿಡಿದುಕೊಂಡು ಬಂದಾಗ ದರ ಒಂಬತ್ತು ಸಾವಿರದ ನಾನೂರಾಗಿತ್ತು. ಝೈನಬ್ ಹಣದ ಕವರನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಳು. ಏನೂ ತೋಚದೆ ಪ್ರಫುಲ್ಲಾ ಮೂರು ಸೀಟಿನ ಬದಲು ಒಂದೇ ಸೀಟು ಕೇಳಿ ನೋಡಿದಳು. ಐದು ಸಾವಿರದ ಎಂಟುನೂರು ಎಂದಿತು ಕಂಪ್ಯೂಟರ್. ಎರಡು ಕೇಳಿದಳು, ಅದೇ ದರ. ಮೂರು ಕೇಳಿದರೆ ಮಾತ್ರ ಮೂರಕ್ಕೂ ಒಂಬತ್ತು ಸಾವಿರದ ನಾನೂರು. ಅಗ್ಗದ ಸೀಟು ಎರಡೇ ಉಳಿದಿವೆ, ಮೂರನೆಯದು ಬೇಕೆಂದ ಕೂಡಲೇ ಎಲ್ಲವನ್ನೂ ದುಬಾರಿ ದರಕ್ಕೇ ಎಳೆಯುತ್ತದೆ ಎಂದು ಅವಳಿಗೆ ಹೊಳೆಯಿತು.

ಝೈನಬ್ ಮತ್ತು ಜಸ್ನಾಳಿಗೆ ಸೇರಿಸಿ ಅಗ್ಗದ ಎರಡು ಸೀಟಿನ ಒಂದು ಟಿಕೆಟು, ಪಾತುಮ್ಮನಿಗೆ ದುಬಾರಿಯ ಇನ್ನೊಂದು. ಒಟ್ಟು ಇಪ್ಪತ್ತೊಂದು ಸಾವಿರ. ಹದಿನೇಳನೆಯ ತಾರೀಕು, ಸಂಜೆ ನಾಲ್ಕರ ವಿಮಾನ.

“ಒಂದೇ ವಿಮಾನ ಅಲ್ವಾ ಪ್ರಫುಲ್ಲಕ್ಕ? ಉಮ್ಮನನ್ನು ಬೇರೆ ಕಡೆ ಕಳಿಸುದಿಲ್ಲ ಅಲ್ವಾ?” ಎಂದು ಝೈನಬ್ ಎರಡು ಸಲ ಕೇಳಿದಳು. ಒಂದೇ ಎಂದು ಪ್ರಫುಲ್ಲಾ ಧೈರ್ಯ ಹೇಳಿದಳು. ಆದರೆ ಮನೆಗೆ ಹೋದ ಮೇಲೂ ಎರಡು ಟಿಕೆಟು ಅವಳ ತಲೆ ಬಿಡಲಿಲ್ಲ. ವಿಮಾನದವರು ಒಂದನ್ನು ಒಪ್ಪಿ ಇನ್ನೊಂದನ್ನು ರದ್ದು ಮಾಡಿದರೆ? ಆ ಮುದುಕಿ ಬಜಪೆಯ ವಿಮಾನ ನಿಲ್ದಾಣದಲ್ಲಿ ಒಬ್ಬಳೇ ಉಳಿದರೆ?

ಹದಿನೇಳರ ಬೆಳಿಗ್ಗೆ ಎಂಟೂಕಾಲಿಗೆ, ಮೂಡುಬಿದಿರೆಯ ಬಸ್ಸಿನಲ್ಲಿದ್ದಾಗ ಪ್ರಫುಲ್ಲಾಳ ಮೊಬೈಲಿಗೆ ಸಂದೇಶ ಬಂತು. ವಿಮಾನ ಸಂಜೆ ನಾಲ್ಕಕ್ಕಲ್ಲ, ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ. ಪಾತುಮ್ಮನ ಟಿಕೆಟಿಗೆ ಅವಳು ತನ್ನ ಮೊಬೈಲ್ ನಂಬರ್ ಕೊಟ್ಟಿದ್ದಳು. ಝೈನಬಳ ಟಿಕೆಟಿಗೆ ಕೊಟ್ಟದ್ದು ಮನೆಯ ಫೋನ್, ಅದಕ್ಕೆ ಸಂದೇಶ ಹೋಗುವುದಿಲ್ಲ. ಫೋನ್ ಮಾಡಿದಳು, ಎಂಗೇಜ್. ಮತ್ತೆ ಮಾಡಿದಳು, ಮತ್ತೆ ಎಂಗೇಜ್. ಹೊರಡುವ ದಿನ, ನೆಂಟರೆಲ್ಲ ಒಬ್ಬರಾದ ಮೇಲೊಬ್ಬರು ಮಾತಾಡುತ್ತಿದ್ದಿರಬೇಕು.

ಆಫೀಸಿನ ಬೀಗದ ಕೈ ಅವಳ ಚೀಲದಲ್ಲೇ ಇತ್ತು. ಅದನ್ನು ಮರೆತು ಮಂಗಳೂರಿನ ಬಸ್ಸು ಹತ್ತಿ ತೋಡಾರಿನಲ್ಲಿ ಇಳಿದಳು. ಮನೆಯಲ್ಲಿ ಪಾತುಮ್ಮ ಇನ್ನೂ ಉಪ್ಪಿನಕಾಯಿಯ ಭರಣಿಗೆ ಬಟ್ಟೆ ಸುತ್ತುತ್ತಿದ್ದರು.

“ಈಗಲೇ ಹೊರಡುವ ಉಮ್ಮ. ಹತ್ತು ನಲವತ್ತಕ್ಕೆ ಕೌಂಟರ್ ಬಂದ್ ಮಾಡ್ತಾರೆ.”

ಆಗ ಒಂಬತ್ತು ಹತ್ತು. ನೆರೆಮನೆಯ ಉಮ್ಮರ್ ತನ್ನ ಓಮ್ನಿ ವ್ಯಾನು ತಂದ. ಪ್ರಫುಲ್ಲಾಳೂ ಹತ್ತಿದಳು. ಎಡಪದವಿನಲ್ಲಿ ಕಲ್ಲು ತುಂಬಿದ ಲಾರಿಯೊಂದು ದಾರಿಗೆ ಅಡ್ಡ ಕೆಟ್ಟು ನಿಂತಿತ್ತು. ಅದನ್ನು ಬದಿಗೆ ತಳ್ಳುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಯಿತು. ಪಾತುಮ್ಮ ಪ್ರಾರ್ಥನೆ ಹೇಳುತ್ತಿದ್ದರು. ಝೈನಬ್ ಮಗಳ ಜಡೆಯನ್ನು ಬಿಚ್ಚಿ ಹೆಣೆದು, ಮತ್ತೆ ಬಿಚ್ಚುತ್ತಿದ್ದಳು. ಈ ವಿಮಾನ ತಪ್ಪಿದರೆ ನಾಳೆಗೆ ಸೀಟಿಲ್ಲ, ನಾಡಿದ್ದಿಗೆ ವೀಸಾ ಇಲ್ಲ. ಅದನ್ನು ಪ್ರಫುಲ್ಲಾ ಯಾರಿಗೂ ಹೇಳಲಿಲ್ಲ.

ಬಜಪೆ ತಲುಪಿದಾಗ ಹತ್ತು ಮೂವತ್ತೈದು. ಮೂವರೂ ಪೆಟ್ಟಿಗೆ ಎಳೆದುಕೊಂಡು ಓಡಿದರು. ಟಿಕೆಟ್ ಇಲ್ಲದವರಿಗೆ ಒಳಗೆ ಪ್ರವೇಶವಿಲ್ಲ, ಪ್ರಫುಲ್ಲಾ ಗಾಜಿನ ಹೊರಗೆ ನಿಂತಳು. ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ಬಾಗಿಲು ತೆರೆದಾಗಲೆಲ್ಲ ಪಾತುಮ್ಮನ ಬಿಳಿ ತಲೆವಸ್ತ್ರಕ್ಕಾಗಿ ಅವಳ ಕಣ್ಣು ಹುಡುಕುತ್ತಿತ್ತು. ಹನ್ನೆರಡಕ್ಕೆ ವಿಮಾನ ಸದ್ದು ಮಾಡುತ್ತ ಮೇಲೇರಿತು. ಮೂವರೂ ಅದರಲ್ಲಿದ್ದಾರೋ ಇಬ್ಬರೋ, ತಿಳಿಯಲಿಲ್ಲ. ಹೊರಗೆ ಯಾರೂ ಬರಲಿಲ್ಲ ಎಂಬುದಷ್ಟೇ ಸಮಾಧಾನ. ಆದರೂ ಉಮ್ಮರನನ್ನು ಒಂದು ಗಂಟೆಯವರೆಗೆ ಕಾಯಿಸಿ ನಂತರವೇ ಹೊರಟಳು.

ಸಂಜೆ ಆಫೀಸಿಗೆ ಝೈನಬಳ ಫೋನ್ ಬಂತು. ಮೂವರೂ ತಲುಪಿದ್ದರು. ಪಾತುಮ್ಮನಿಗೆ ಹಿಂದೆಲ್ಲೋ ಸೀಟು ಸಿಕ್ಕಿತ್ತಂತೆ. ಪಕ್ಕದಲ್ಲಿದ್ದ ವಿಟ್ಲದ ಗಂಡಸು ಮೂರು ಸಾವಿರದ ಒಂಬೈನೂರಕ್ಕೆ ಬಂದವನೆಂದು ತಿಳಿದು, ತನಗೇಕೆ ಜಾಸ್ತಿ ಎಂದು ದಾರಿಯುದ್ದಕ್ಕೂ ಕೇಳಿದರಂತೆ.

ಪ್ರಫುಲ್ಲಾ ತಡೆಯಲಾರದೆ ಹೇಳಿಬಿಟ್ಟಳು: “ಬುಧವಾರವೇ ತೆಗೆದಿದ್ದರೆ ಉಮ್ಮನಿಗೆ ಇಷ್ಟು ಜಾಸ್ತಿ ಬೀಳ್ತಿರಲಿಲ್ಲ ಝೈನಬ್. ಕಾಯುವ ಅಂತ ಹೇಳಿದ್ದು ನನ್ನದೇ ತಪ್ಪು.”



“ತಪ್ಪಾದದ್ದು ಹೌದು ಅಕ್ಕ,” ಎಂದಳು ಝೈನಬ್. “ಆದರೆ ನೀವು ಬಂದಿರಿ ಅಲ್ವಾ? ಆಪರೇಷನ್ ಆದ ಮೇಲೆ ಫೋನ್ ಮಾಡ್ತೇನೆ.”

ಎಂಟು ದಿನ ಆಫೀಸಿನ ಫೋನ್ ರಿಂಗಾದಾಗಲೆಲ್ಲ ಪ್ರಫುಲ್ಲಾ ಧಾವಿಸಿ ಎತ್ತುತ್ತಿದ್ದಳು. ಒಂಬತ್ತನೆಯ ದಿನ ಇರ್ಷಾದನೇ ಮಾತಾಡಿದ. ಅಂದೇ ಬೆಳಿಗ್ಗೆ ಗೋಡೆ ಹಿಡಿದುಕೊಂಡು ನಾಲ್ಕು ಹೆಜ್ಜೆ ನಡೆದಿದ್ದನಂತೆ.