ಬೆಟ್ಟ ಇಳಿಯಲು ಕಲಿತ ಮೆಟ್ಟಿಲಕ್ಕ

ಮೆಟ್ಟಿಲಕ್ಕನ ಮುತ್ತಜ್ಜ, ಅಂದರೆ ನನ್ನ ಅಜ್ಜ, ಬೆಟ್ಟದ ನೆತ್ತಿಯಲ್ಲಿ ಕಟ್ಟಿದ ನೀರಿನ ತೊಟ್ಟಿಗೆ ತಲೆಯ ಮೇಲೆ ಇಟ್ಟಿಗೆ ಹೊತ್ತವನು. ಅವನ ಮಗ, ನನ್ನಪ್ಪ, ಕಲ್ಲುಗಣಿಯಲ್ಲಿ ಕಾಲು ಮುರಿದುಕೊಂಡ ಮೇಸ್ತ್ರಿಯನ್ನು ಬೆನ್ನಿಗೆ ಕಟ್ಟಿಕೊಂಡು ಕೆಳಗಿಳಿಸಿದವನು. ಆ ಕಥೆಯನ್ನು ಸಾಯುವವರೆಗೂ ಹೇಳಿದ. ವರ್ಷ ಕಳೆದಂತೆ ಮೇಸ್ತ್ರಿ ದಪ್ಪಗಾಗುತ್ತಲೇ ಹೋದ. ಮೂರನೆಯವನು ನನ್ನ ತಮ್ಮ, ಇವಳ ಅಪ್ಪ. ದೊಡ್ಡ ಕಚೇರಿಯ ಲಿಫ್ಟಿನಲ್ಲಿ ಸ್ಟೂಲು ಹಾಕಿಕೊಂಡು ಗುಂಡಿ ಒತ್ತುತ್ತಿದ್ದ ಆಸಾಮಿ, "ನಮ್ಮ ವಂಶದಲ್ಲಿ ನನ್ನಷ್ಟು ಹತ್ತಿ ಇಳಿದವನು ಇನ್ನೊಬ್ಬನಿಲ್ಲ" ಎಂದು ಕೂತಲ್ಲೇ ಮೀಸೆ ತಿರುವುತ್ತಿದ್ದ.

ಅಂಥವನ ಮಗಳು ಇವಳು. ಎತ್ತರದ ಒಂದು ವಸತಿ ಕಟ್ಟಡದಲ್ಲಿ ಮೆಟ್ಟಿಲು ಒರೆಸುವ ಕೆಲಸ. ಮೇಲಿನ ಮಹಡಿಯಿಂದ ಶುರುಮಾಡಿ, ಒರೆಸಿದ ಮೆಟ್ಟಿಲನ್ನು ತುಳಿಯದಂತೆ ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತಾ ಕೆಳಗಿನ ಬಾಗಿಲವರೆಗೆ ಬರುತ್ತಾಳೆ. ಬಕೆಟ್ಟು ಬಲಕ್ಕೆ, ಕೋಲು ಎಡಕ್ಕೆ. ಕಟ್ಟಡದ ಮಕ್ಕಳು ಇಟ್ಟ ಹೆಸರು ಮೆಟ್ಟಿಲಕ್ಕ. ಈಗ ಮನೆಯಲ್ಲೂ ಅದೇ ನಿಂತುಹೋಗಿದೆ.

ಅವಳ ಗಂಡ ಸರಕು ಲಾರಿ ಓಡಿಸುತ್ತಿದ್ದ. ಒಂದು ಸಂಜೆ ಕುರ್ಚಿಯಲ್ಲಿ ಕೂತು ಟೀವಿ ನೋಡುತ್ತಿದ್ದವನು ಹಾಗೆಯೇ ಹೋಗಿಬಿಟ್ಟ. ಇವಳು ಅವನ ಬೆರಳುಗಳಿಂದ ಟೀ ಲೋಟ ಬಿಡಿಸಿ, ತೊಳೆದು, ಬೋರಲು ಹಾಕಿ, ಆಮೇಲೆ ನನಗೆ ಫೋನು ಮಾಡಿದಳು. "ದೊಡ್ಡಪ್ಪಾ, ಇವರು ಹೋದ್ರು ಅನ್ಸುತ್ತೆ." ಬಸ್ಸು ಹೋಯಿತು ಎಂದ ಹಾಗಿತ್ತು ದನಿ. ಅಂದು ಅಳಲಿಲ್ಲ, ಆಮೇಲೂ ಅಳಲಿಲ್ಲ. ಊಟಕ್ಕೆ ಉಪ್ಪು ಹಾಕಿದ್ದರೂ ಹಾಕದಿದ್ದರೂ ಒಂದೇ ಸಮ ಉಣ್ಣುತ್ತಿದ್ದಳು. ಸಾಂತ್ವನ ಹೇಳಲು ಬಂದ ಹೆಂಗಸರು ತಾವೇ ಅತ್ತು, ತಾವೇ ಮೂಗು ಒರೆಸಿಕೊಂಡು ಹೋದರು.

ಅವಳ ತಮ್ಮನಿಗೆ ಟೈಲ್ಸ್ ಅಂಗಡಿ. ಒಳ್ಳೆಯ ಹುಡುಗ, ಆದರೆ ಒಳ್ಳೆಯತನವನ್ನು ಗಾರೆಯಂತೆ ಮೆತ್ತುವವನು. ರಸ್ತೆ ದಾಟುವಾಗ ಅಕ್ಕನ ತೋಳು ಹಿಡಿದ. ಗ್ಯಾಸ್ ಸಿಲಿಂಡರು ತಾನೇ ಬದಲಿಸಿದ. ಕಡೆಗೆ ಅವಳ ಬಾಡಿಗೆ ಕೋಣೆಯನ್ನು ತಿಂಗಳ ಕೊನೆಗೆ ಖಾಲಿ ಮಾಡುವುದಾಗಿ ಯಜಮಾನನಿಗೆ ಹೇಳಿಯೂ ಬಂದ.

"ನಮ್ಮನೇಲಿ ಬಂದು ಇರು. ಒಬ್ಬಳೇ ಇಲ್ಲಿ ಏನ್ ಮಾಡ್ತೀಯಕ್ಕಾ?"

ಅವಳು ಗೋಡೆ ನೋಡುತ್ತಿದ್ದಳು. ಆ ಮಾತು ಅವಳನ್ನು ತಲುಪಿತೋ ಇಲ್ಲವೋ ನನಗೆ ತಿಳಿಯಲಿಲ್ಲ.

ಇವಳು ಕೆಲಸ ಮಾಡುವ ಕಟ್ಟಡದ ಆರನೇ ಮಹಡಿಯಲ್ಲಿ ಓಟದ ಕೋಚ್ ಒಬ್ಬಳಿದ್ದಳು, ಎಲ್ಲರ ಬಾಯಲ್ಲೂ ಕೋಚಮ್ಮ. ಜನರ ಗುಂಪು ಕಟ್ಟಿಕೊಂಡು ಬೆಟ್ಟದ ಕಾಲುದಾರಿಯಲ್ಲಿ ಓಡುವುದನ್ನು ಕಲಿಸುವುದು ಅವಳ ಕಸುಬು. ತುಂಬಿದ ಎರಡು ಬಕೆಟ್ಟು ಹಿಡಿದು ಏದುಸಿರಿಲ್ಲದೆ ಹತ್ತುತ್ತಿದ್ದ ಇವಳನ್ನು ನೋಡಿ, "ಅಕ್ಕಾ, ಭಾನುವಾರ ನಮ್ಮ ಜೊತೆ ಬನ್ನಿ" ಎಂದಳು. ಇವಳು ಹೂಂ ಎಂದಳು. ಆ ದಿನಗಳಲ್ಲಿ ಯಾರು ಏನು ಕೇಳಿದರೂ ಹೂಂ ಎನ್ನುತ್ತಿದ್ದಳು.

ಕೋಚಮ್ಮನ ಪಾಠ ಇಷ್ಟು: ಕಡಿದಾದ ಏರಿನಲ್ಲಿ ಓಡಬಾರದು, ಮಂಡಿಯ ಮೇಲೆ ಕೈಯೂರಿ ದಾಪುಗಾಲು ಹಾಕಬೇಕು. ಇಳಿಜಾರಿನಲ್ಲಿ ಹೆಜ್ಜೆ ಚಿಕ್ಕದಾಗಿರಬೇಕು, ಕಣ್ಣು ಮುಂದಿರಬೇಕು. ಸಾಲಿನಲ್ಲಿ ಮುಂದಿರುವವನು ಕಾಲಿಗೆ ಸಿಕ್ಕಿದ್ದನ್ನು ಕೂಗಬೇಕು, ಅದನ್ನು ಒಬ್ಬೊಬ್ಬರೂ ಹಿಂದಿನವರಿಗೆ ದಾಟಿಸಬೇಕು. "ಬೇರು!" ಎಂದರೆ "ಬೇರು!" ಮೆಟ್ಟಿಲಕ್ಕನೂ ಕೂಗುತ್ತಿದ್ದಳು. ಅವಳ ಹಿಂದೆ ಓಡುತ್ತಿದ್ದ ಕ್ಷೌರಿಕ ವಾಚಾಳಿ. "ಅಮ್ಮಾ ತಾಯಿ, ಬೇರು ಅಂತೀರೋ ಲಿಫ್ಟಲ್ಲಿ 'ಬಾಗಿಲು ಮುಚ್ಚುತ್ತಿದೆ' ಅಂತೀರೋ? ಸ್ವಲ್ಪ ಭಯ ಬೆರೆಸಿ ಹೇಳಿ, ನಾನು ಹೆಂಡತಿ ಮಕ್ಕಳಿರೋನು!"

"ಬೇರು" ಎಂದಳು ಇವಳು ಮತ್ತೆ, ಅದೇ ದನಿಯಲ್ಲಿ.

ಹತ್ತುವುದರಲ್ಲಿ ಅವಳದು ಎತ್ತಿದ ಕೈ. ಕೆಟ್ಟಿದ್ದು ಇಳಿಯುವಾಗ. ಮೊದಲ ಕಡಿದಾದ ಇಳಿಜಾರು ಬಂದದ್ದೇ ತಡ, ಮೈ ತಾನಾಗಿ ತಿರುಗಿತು. ಬೆಟ್ಟಕ್ಕೆ ಮುಖ, ಕಣಿವೆಗೆ ಬೆನ್ನು. ಬೆನ್ನು ಬಗ್ಗಿಸಿ ಹಿಂದುಹಿಂದಕ್ಕೆ ಇಳಿಯತೊಡಗಿದಳು.

"ಅಕ್ಕಾ! ಏನ್ ಮಾಡ್ತಿದ್ದೀರಿ?" ಕೋಚಮ್ಮ ಕೂಗಿದಳು.

"ಇಳೀತಿದ್ದೀನಿ."

"ಹಿಂದಕ್ಕಾ?"

"ನಾನು ದಿನಾ ಇಳಿಯೋದೇ ಹೀಗೆ."

"ಕೈಯಲ್ಲಿ ಒರೆಸೋ ಕೋಲೊಂದು ಕಮ್ಮಿ ನೋಡಿ, ಇದ್ದಿದ್ರೆ ಬೆಟ್ಟ ಫಳಫಳ ಅಂತಿತ್ತು" ಎಂದ ಕ್ಷೌರಿಕ. ಎಲ್ಲರೂ ನಕ್ಕರು, ಕೋಚಮ್ಮ ನಗಲಿಲ್ಲ. ಹಿಂದಿನ ಕಲ್ಲು ಕಾಣದೆ ಹೀಗೆ ಇಳಿದರೆ ಬುರುಡೆ ಒಡೆಯುತ್ತದೆ ಎಂದಳು. ತರಬೇತಿಯ ಕೊನೆಯ ದಿನ ನೆತ್ತಿಯಿಂದ ರಸ್ತೆಯವರೆಗೆ ಓಡಬೇಕು, ಅಲ್ಲಿ ತಿರುಗಿದರೆ ತಾನೇ ಕೈ ಹಿಡಿದು ಇಳಿಸುವುದಾಗಿ ಎಚ್ಚರಿಸಿದಳು.

ಆ ವಾರ ಅವಳ ತಮ್ಮ ಅವಳ ಪಾತ್ರೆಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಲು ಬಂದಿದ್ದ. ನಾನೂ ಇದ್ದೆ. ಅವಳು ಅವನ ಕೈಯಿಂದ ಬಾಣಲೆ ತೆಗೆದುಕೊಂಡು ಒಲೆಯ ಮೇಲೆ ವಾಪಸ್ಸು ಇಟ್ಟಳು.

"ಕೊನೇ ದಿನದ ಓಟ ಇದೆ. ಯಾರ ಕೈಯೂ ಹಿಡೀದೆ ರಸ್ತೆ ಮುಟ್ಟಿದ್ರೆ ಈ ಕೋಣೆ ನನ್ನದು. ಹಿಡಿದು ಇಳಿಸಿದ್ರೆ ನಿಮ್ಮನೆಗೆ ಬರ್ತೀನಿ."

"ಆಯ್ತು ಬಿಡು! ದೊಡ್ಡಪ್ಪನೇ ಸಾಕ್ಷಿ" ಎಂದು ಅವನು ನಕ್ಕ. ಗೆದ್ದೇಬಿಟ್ಟೆ ಎನ್ನುವ ನಗು.

ಅವನು ಹೋದ ಮೇಲೆ ಕೇಳಿದೆ: "ಬೆಟ್ಟ ಅಂದ್ರೆ ಖುಷಿಯೇನಮ್ಮಾ?"

"ಗೊತ್ತಿಲ್ಲ."

"ಭಯ?"

"ಅದೂ ಗೊತ್ತಾಗಲ್ಲ ದೊಡ್ಡಪ್ಪಾ."

"ಮತ್ತೆ ಯಾಕೆ ಸಾಯ್ತೀಯ ಅಲ್ಲಿಗೆ ಹೋಗಿ?"

ಅವಳು ಒಲೆಯ ಮೇಲಿನ ಬಾಣಲೆಯನ್ನು ನೆಟ್ಟಗೆ ಮಾಡಿದಳು. "ಅಲ್ಲಿ ಯಾರೂ ತೋಳು ಹಿಡಿಯಲ್ಲ."

ಅಂದಿನಿಂದ ಕೆಲಸ ಮುಗಿಸಿ, ಮೆಟ್ಟಿಲು ಒಣಗಿದ ಮೇಲೆ, ಬರಿಗೈಯಲ್ಲಿ ಮತ್ತೆ ಮೇಲೆ ಹತ್ತಿ, ಮುಂದಕ್ಕೆ ಮುಖ ಮಾಡಿ ಇಳಿಯುತ್ತಿದ್ದಳು. ಮೊದಮೊದಲು ಒಂದೊಂದು ತಿರುವಿನಲ್ಲೂ ಕಂಬಿ ಹಿಡಿದು ನಿಲ್ಲುತ್ತಿದ್ದಳಂತೆ, ಕೆಳಗೆ ನೆಲವೇ ಇಲ್ಲದವಳ ಹಾಗೆ. ಆಮೇಲೆ ಕಂಬಿ ಬಿಟ್ಟಳು. ನಾಲ್ಕನೇ ಮಹಡಿಯ ನಿವೃತ್ತ ಗುಮಾಸ್ತರು ಬಾಗಿಲು ತೆಗೆದು, "ಏನಮ್ಮಾ, ಎಲ್ಲಾದರೂ ಬೆಂಕಿ ಬಿತ್ತಾ?" ಎಂದು ಕೇಳಿದ್ದರಂತೆ.

ಕೊನೆಯ ದಿನ ನಾನೂ ಅವಳ ತಮ್ಮನೂ ರಸ್ತೆಯ ತಿರುವಿನಲ್ಲಿ ಕಾದು ನಿಂತೆವು. ಅವನು ಕಾರಿನ ಹಿಂದಿನ ಸೀಟಿಗೆ ಟವೆಲು ಹಾಸಿಟ್ಟಿದ್ದ. ಬಿಸಿಲಿಗೆ ಬೆಟ್ಟ ಹಂಚಿನಂತೆ ಕಾದಿತ್ತು. ಕೊನೆಗೂ ಬೆಟ್ಟದ ಅಂಚಿನ ಮೇಲೆ ಓಡುವವರ ಸಾಲು ಕಾಣಿಸಿತು. ಅಲ್ಲಿಂದ ರಸ್ತೆಯವರೆಗೆ ನೆಟ್ಟಗಿನ ಇಳಿಜಾರು, ಬರೀ ಜಲ್ಲಿಪುಡಿ.

"ಈಗ ತಿರುಗ್ತಾಳೆ ನೋಡಿ" ಎಂದ ಅವನು.

ಅವಳು ತಿರುಗಲಿಲ್ಲ. ಒಂದು ಗಳಿಗೆ ನಿಂತಳು, ಭುಜ ಬೆಟ್ಟದ ಕಡೆ ವಾಲಿತು, ಅಷ್ಟೇ. ಆಮೇಲೆ ತೋಳು ಅಗಲಿಸಿ, ಚಿಕ್ಕ ಚಿಕ್ಕ ಹೆಜ್ಜೆಯಿಡುತ್ತಾ, ನಮ್ಮ ಕಡೆ ಮುಖ ಮಾಡಿಯೇ ಇಳಿದು ಬಂದಳು. ಆ ಮುಖದಲ್ಲಿ ಗೆಲುವಿಲ್ಲ, ಅಂಜಿಕೆಯಿಲ್ಲ. ಬಟ್ಟೆ ಒಣಹಾಕುವವಳ ಮುಖ. "ಸಡಿಲು ಕಲ್ಲು!" ಎಂದು ಮುಂದಿನವರು ಕೂಗಿದರು. "ಸಡಿಲು ಕಲ್ಲು" ಎಂದು ಇವಳು ಹಿಂದಕ್ಕೆ ದಾಟಿಸಿದಳು. ದಾಟಿಸಿದವಳೇ ಅದರ ಮೇಲೆ ಕಾಲಿಟ್ಟಳು.

ಬಿದ್ದ ಸದ್ದು ನಮಗೂ ಕೇಳಿಸಿತು. ಕ್ಷೌರಿಕ ಪಕ್ಕಕ್ಕೆ ಹಾರಿ ತಪ್ಪಿಸಿಕೊಂಡು, ಕಾಲು ನಿಲ್ಲಿಸಲಾಗದೆ ಕೆಳಗೆ ಜಾರಿಹೋದ. ಅವಳು ಎದ್ದು ಕೂತಳು. ಮಂಡಿಯ ಚರ್ಮ ಕಿತ್ತು ರಕ್ತ ಪಾದದವರೆಗೆ ಇಳಿಯುತ್ತಿತ್ತು. ಅದನ್ನು ಬೇರೆ ಯಾರದೋ ಕಾಲು ಎಂಬಂತೆ ನೋಡುತ್ತಿದ್ದಳು. ಕೋಚಮ್ಮ ಓಡಿಬಂದಳು, ಅವಳ ಮಂಡಿ ಮಡಿಸಿ ನೋಡಿ, ಮೂಳೆ ಸರಿಯಿದೆ ಎಂದು ಎದ್ದು ನಿಂತಳು. ಅಷ್ಟರಲ್ಲಿ ತಮ್ಮ ಜಲ್ಲಿಯಲ್ಲಿ ಜಾರುತ್ತಾ ಬೀಳುತ್ತಾ ಮೇಲೆ ಹತ್ತಿ ಅವಳ ತೋಳು ಹಿಡಿದೇಬಿಟ್ಟಿದ್ದ. ರಸ್ತೆ ಇನ್ನೇನು ಕೂಗಳತೆಯಲ್ಲಿತ್ತು.

"ಸಾಕಕ್ಕಾ ಸಾಕು! ಏಳು, ಎತ್ಕೊಂಡು ಹೋಗ್ತೀನಿ. ಪಂತ ಗಿಂತ ಎಲ್ಲಾ ಆಮೇಲೆ."

ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಬಿಡೋ. ನೋವಾಗ್ತಿದೆಯೋ ಇಲ್ವೋ ನನಗಿನ್ನೂ ಗೊತ್ತಾಗಿಲ್ಲ. ಗೊತ್ತಾಗೋವರೆಗೆ ಇಲ್ಲೇ ಕೂತಿರ್ತೀನಿ, ಆಮೇಲೆ ನಾನೇ ಇಳೀತೀನಿ. ನೀನು ದಾರಿ ಬಿಡು, ಮೇಲಿಂದ ಜನ ಬರ್ತಿದ್ದಾರೆ."